ಏಳು ಎಲೆ ಹೆಚ್ಚು

ಮೂವತ್ತೆರಡು ವರ್ಷ ಕರೆಯದ ಮದುವೆಗಳಲ್ಲಿ ಉಂಡವ ನಾನು.
ಗಂಡಿನವರು ಕೇಳಿದರೆ ಹೆಣ್ಣಿನ ಕಡೆ,
ಹೆಣ್ಣಿನವರು ಕೇಳಿದರೆ ಫೋಟೋಗ್ರಾಫರನ ಭಾವ.
ಕದ್ರಿಯಿಂದ ಕಂಕನಾಡಿವರೆಗೆ ಯಾವ ಹಾಲಿನಲ್ಲಿ
ಕೈ ತೊಳೆಯುವ ನಳ್ಳಿ ಸೋರುತ್ತದೆಂದು ನನಗೆ ಗೊತ್ತು.

ಅಂಥವನ ಬಾಗಿಲಿಗೆ ಬಂತು ಬಂಗಾರದಂಚಿನ ಕಾಗದ:
'ಶ್ರೀ ತಾರಾನಾಥ ಗಟ್ಟಿಯವರಿಗೆ.'
ಅಚ್ಚಿನಲ್ಲಿ ನನ್ನ ಹೆಸರು! ರೇಷನ್ ಕಾರ್ಡಿನವರೂ
ತಾರಾನಾಥನಿಗೆ ಸರಿಯಾಗಿ ದೀರ್ಘ ಕೊಟ್ಟವರಲ್ಲ.
'ಶನಿವಾರ ರಾತ್ರಿ ಎಂಟಕ್ಕೆ,
ಬೋಳಾರದ ಹಳೇ ಹಂಚಿನ ಕಾರ್ಖಾನೆಯಲ್ಲಿ ಊಟ.
ಹಸಿದು ಬನ್ನಿ.
ಮನೆಯಲ್ಲಿ ಹೇಳಿ ಬರಬೇಕೆಂದಿಲ್ಲ.'

ಅಳು ಬಂತು, ಸುಳ್ಳಲ್ಲ.
ಜೀವನದಲ್ಲೇ ಮೊದಲ ಸಲ ಮುಯ್ಯಿಯ ಕವರು ಕೊಂಡೆ,
ಒಂದು ರೂಪಾಯಿ ನಾಣ್ಯ ಅಂಟಿಸಿದ್ದು.
ನೂರು ಇಟ್ಟೆ. ತೆಗೆದೆ. ಐವತ್ತು ಇಟ್ಟೆ.
ದೇವರಾಣೆ, ಇಟ್ಟಿದ್ದೆ.

ಇಪ್ಪತ್ತು ವರ್ಷದಿಂದ ಬೀಗ ಬಿದ್ದ ಕಾರ್ಖಾನೆಯ
ಚಿಮಣಿಯಲ್ಲಿ ಹೊಗೆ.
ಅಡುಗೆ ಜೋರುಂಟು ಅಂದುಕೊಂಡೆ.

ಒಳಗೆ ಆರು ಮಂದಿ. ಎಲ್ಲರ ಮುಖ ನೋಡಿದ್ದೇ,
ಎಲ್ಲ ಹಾಲುಗಳ ಮೊದಲ ಪಂಕ್ತಿಯಲ್ಲಿ.
'ನೀವು ಯಾರ ಕಡೆ?' ಎಂದ ಗಿಲ್ಬರ್ಟ್ ಮಥಾಯಸ್, ಅಭ್ಯಾಸಬಲ.
'ನಿಮ್ಮ ಕಡೆಯೇ' ಎಂದೆ.
ಯಾರೂ ನಗಲಿಲ್ಲ. ಹಿಂದೆ ಬಾಗಿಲಿಗೆ ಚಿಲಕ ಬಿತ್ತು,
ಅಷ್ಟರಲ್ಲಿ ಎಲೆ ಹಾಕಿದರು,
ಚಿಲಕ ಮರೆತೆವು.

ಎಂಥ ಊಟ ಮಾರಾಯ್ರೆ!
ಕೋರಿರೊಟ್ಟಿ, ಬಂಗುಡೆ ಪುಳಿಮುಂಚಿ,
ಹೊರಗೆ ಗರಿ, ಒಳಗೆ ಬೆಣ್ಣೆಯಂಥ ಕಾಣೆ.
ಗಿಲ್ಬರ್ಟ್ ಪುಳಿಮುಂಚಿಗೇ ಎಲೆಯ ಮೇಲೆ ಬಾಗಿದ.
'ಗ್ಯಾಸ್ಟ್ರಿಕ್' ಎಂದ ಇದಿನಬ್ಬ,
ಅವನ ಕಾಣೆಯನ್ನು ತನ್ನೆಲೆಗೆ ಎಳೆದುಕೊಳ್ಳುತ್ತ.
ಅರ್ಧ ನನಗೆ ಎಂದು ಕೊಟ್ಟಾರಿ ಜಗಳ ತೆಗೆದ.
ಜಗಳ ಮುಗಿಯುವ ಮೊದಲು ಕೊಟ್ಟಾರಿಯೂ ಮುಗಿದ.
ಅವನ ಸುಕ್ಕ ಯಾರಿಗೆ ಎಂಬುದಕ್ಕೆ ಚೀಟಿ ಎತ್ತಿದೆವು.

ಆಗ ಬಂದಳು ಜಲಜಕ್ಕ, ಸೆರಗು ಸಿಕ್ಕಿಸಿ,
ಕೈಯಲ್ಲಿ ಸೌಟು.
'ನಮ್ಮ ಯಜಮಾನರು ಐನೂರು ಎಲೆಗೆ ಅಡುಗೆ ಮಾಡಿದ್ದರು.
ಐನೂರ ಏಳು ಮಂದಿ ಕೂತಿರಿ.
ಕೊನೆಗೆ ಮದುಮಗನ ಸೋದರಮಾವನಿಗೇ ಸಾರಿಲ್ಲ.
ಎಲ್ಲರೆದುರು ಕೆನ್ನೆಗೆ ಬಿತ್ತು ಇವರಿಗೆ.
ಆ ರಾತ್ರಿ ಹೊಳೆಗೆ ಪಾತ್ರೆ ತೊಳೆಯಲು ಹೋದವರು.
ಪಾತ್ರೆ ಮಾತ್ರ ಸಿಕ್ಕಿತು. ತೊಳೆದದ್ದೇ ಸಿಕ್ಕಿತು.'

ಇನ್ನೂ ಬೇಕಾ, ಎಂದು ಬಡಿಸಿದಳು.
ಬೇಡ ಎನ್ನಲು ನಮಗೆ ಬಾಯಿ ಬರುವುದಿಲ್ಲ,
ಅದೇ ನಮ್ಮ ರೋಗ.

'ಮದ್ದು ಉಂಟು ನನ್ನ ಹತ್ತಿರ, ಒಂದು ಕುಡ್ತೆ ಕಷಾಯ.
ಯಾರ ಕವರಿನಲ್ಲಿ ಒಂದು ರೂಪಾಯಿಯಾದರೂ ಉಂಟೋ
ಅವರು ಕುಡಿದು ಮನೆಗೆ ಹೋಗಬಹುದು.'

ಬಾಬಣ್ಣನ ಕವರಿನಲ್ಲಿ ಲಾಂಡ್ರಿ ಚೀಟಿ.
ಇದಿನಬ್ಬನದ್ದರಲ್ಲಿ ಗಾಳಿ, ಚೆನ್ನಾಗಿ ಅಂಟಿಸಿದ ಗಾಳಿ.
ನಾನು ಎದ್ದು ನಿಂತೆ, ಕೊಡುವವನ ಗತ್ತಿನಲ್ಲಿ,
ಕವರು ತೆಗೆದೆ,
ಆಗ ನೆನಪಾಯಿತು ಸಿಟಿ ಬಸ್ಸಿನ ಕಂಡಕ್ಟರ್:
'ಹದಿನಾರು. ಐವತ್ತಕ್ಕೆ ಚಿಲ್ಲರೆ ಎಲ್ಲಿಂದ ತರುವುದು?
ಒಂದು ರೂಪಾಯಿ ಇದ್ದರೆ ಕೊಡಿ ಅಣ್ಣ,
ಮೂವತ್ತೈದು ಕೊಡ್ತೇನೆ.'
ಉಗುರಿನಿಂದ ಕೆತ್ತಿ ಕೊಟ್ಟಿದ್ದೆ.

ನಾಣ್ಯವಿದ್ದಲ್ಲಿ ಗೋಂದಿನ ದುಂಡು ಗುರುತು,
ಸಣ್ಣದೊಂದು ಹುಣ್ಣಿಮೆ.
'ಮೂವತ್ತೈದು ಜೇಬಲ್ಲುಂಟು!' ಎಂದು ಕೂಗಿದೆ.
'ಜೇಬಿನದ್ದು ಜೇಬಿನದ್ದೇ' ಎಂದಳು ಜಲಜಕ್ಕ,
ಕಷಾಯವನ್ನು ತುಳಸಿಗೆ ನೀರು ಬಿಟ್ಟಂತೆ
ನೆಲಕ್ಕೆ ಬಿಟ್ಟಳು.

ನಾಲಗೆಯ ತುದಿ ಮರಗಟ್ಟುತ್ತಿದೆ.
ಆರು ಎಲೆಗಳನ್ನು ಅವಳೇ ಮಡಚಿದಳು,
ಬೊಜ್ಜದಲ್ಲಿ ಮಡಚುವ ಹಾಗೆ.
ಭಟ್ಟಿಯ ಬಾಗಿಲು ಕೆಂಪಗೆ ಆಕಳಿಸುತ್ತಿದೆ.
ಇನ್ನೊಬ್ಬರ ಬೊಜ್ಜ ಎಷ್ಟು ಉಂಡಿಲ್ಲ ನಾನು,
ನನ್ನದಕ್ಕಾದರೂ ಕರೆದು ಕೂರಿಸಿದರಲ್ಲ,
ದೀರ್ಘ ಕೊಟ್ಟು.

ಪಾಯಸ ಬಂತು. ಕಡಲೆಬೇಳೆಯದ್ದು, ಬಿಸಿ.
ಜಲಜಕ್ಕನ ಮುಖ ಮಸುಕು, ಸೌಟು ಮಾತ್ರ ಸ್ಪಷ್ಟ.
ಉಳಿದ ಉಸಿರನ್ನೆಲ್ಲ ಒಟ್ಟು ಮಾಡಿ ಹೇಳಿದೆ:
'ಸ್ವಲ್ಪ ಅಡಿಯಿಂದ ಹಾಕಿ,
ಗೇರುಬೀಜ ಕೆಳಗೆ ಕೂತಿರ್ತದೆ.'